ಶಾಣ್ಯಾನ ಮೂರು ಸೆಕೆಂಡು

ಬನಹಟ್ಟಿ ಬಸ್ ನಿಲ್ದಾಣದೆದುರು ನನ್ನ ಝೆರಾಕ್ಸ್ ಅಂಗಡಿ.
ಕೆಟ್ಟುಹೋದ ಹಾಳೆಗಳ ಬೆನ್ನಿಗೆ
ಐದು ವರ್ಷದಿಂದ ಚಿತ್ರಕತೆ ಬರೆಯುತ್ತೇನೆ,
ಜಪಾನಿನವರಂತೆ, ಬಲದಿಂದ ಎಡಕ್ಕೆ.
ಒಂದು ಬದಿಗೆ ಯಾರದೋ ಹೊಲದ ಉತಾರ,
ಇನ್ನೊಂದು ಬದಿಗೆ ನನ್ನ ನಾಯಕ ತ್ರಿವಿಕ್ರಮ,
ಹದಿನಾರು ವರ್ಷ, ಮಹಾ ಬುದ್ಧಿವಂತ.

ಬುದ್ಧಿವಂತ ಅನ್ನಿಸಲು ನಾನೇನು ಮಾಡಿದ್ದೆ?
ಚಷ್ಮಾದ ಗಾಜು ಪೂರಾ ಬೆಳ್ಳಗೆ ಬಿಟ್ಟಿದ್ದೆ.
ಸುತ್ತ ನಿಂತವರ ಬಾಯಿ ತೆರೆಸಿದ್ದೆ.
ಪೊಲೀಸರನ್ನು ಪೆದ್ದರಾಗಿಸಿ, ಮಾಸ್ತರರನ್ನು ಮಂದರಾಗಿಸಿ,
ಇಡೀ ಊರನ್ನು ಕುಳ್ಳಾಗಿಸಿ
ಅವನೊಬ್ಬನನ್ನು ಎತ್ತರ ಮಾಡಿದ್ದೆ.

ತಬಸ್ಸುಮ್, ಒಂಬತ್ತನೆಯ ಇಯತ್ತೆ,
ಸಂಜೆ ಕಂಡಿಕಿ ಸುತ್ತಿ ಮುಗಿಸಿ ಬರುವವಳು,
ಬೆರಳಲ್ಲಿ ಇನ್ನೂ ನೂಲಿನ ಧೂಳು,
ಓದಿದಳು, ಹಾಳೆ ಜೋಡಿಸಿ ಇಟ್ಟಳು.
"ಇಂವ ಶಾಣ್ಯಾ ಅಲ್ಲಕ್ಕಾ.
ಇಂವಗ ಪೇಪರ್ ಔಟ್ ಆಗೇತಿ.
ಉತ್ತರಾ ನೀನ ಕಿವ್ಯಾಗ ಹೇಳಿಟ್ಟೀ."

ಆ ರಾತ್ರಿ ಶಟರ್ ಎಳೆದು ಒಳಗೇ ಕೂತೆ.
ನನಗಿಂತ ಜಾಣನನ್ನು ನಾನು ಹೇಗೆ ಬರೆಯಲಿ?
ಪಾವಿನಿಂದ ಸೇರು ಅಳೆಯಲಾದೀತೆ?
ಆದೀತು,
ಮತ್ತೆ ಮತ್ತೆ ಸುರಿದರೆ.
ಅವನಿಗಿಲ್ಲದ್ದೊಂದು ನನಗಿದೆ: ಪುರುಸೊತ್ತು.
ಮೂರು ಸೆಕೆಂಡಿನಲ್ಲಿ ಅವನು ಯೋಚಿಸುವುದನ್ನು
ನಾನು ಮೂರು ತಿಂಗಳು ಯೋಚಿಸಬಹುದು,
ಕರೆಂಟ್ ಹೋದಾಗ, ಟೋನರ್ ತುಂಬುವಾಗ,
ಯಾರದೋ ಆಧಾರ್ ಕಾರ್ಡಿನ ಎರಡೂ ಬದಿ ತೆಗೆಯುವಾಗ.

ಮಗ್ಗದ ಶೆಡ್ಡಿಗೆ ಹೋದೆ. ಗುರಪಾದ ಕಾಕಾ, ಅಲ್ಲಿಯ ಜಾಬರ್,
ಇಪ್ಪತ್ನಾಲ್ಕು ಮಗ್ಗಗಳ ಗದ್ದಲದಲ್ಲಿ
ಬಾಗಿಲಲ್ಲೇ ನಿಂತು ಅಂದ:
"ಒಂಬತ್ತನೇದ್ದು ಕುಂಟಾಕತ್ತೇತಿ."
ಕುಂಟುತ್ತಿತ್ತು.
ಹೆಂಗ ಗೊತ್ತಾತು ಕಾಕಾ?
"ಎಲ್ಲಾ ನೆಟ್ಟಗ ಇದ್ದಾಗ ಹೆಂಗ ಬಡೀತಾವು,
ಮದಲ ಅದನ್ನ ಕೇಳಬೇಕವ್ವಾ.
ಕೆಟ್ಟದ್ದು ಆಮ್ಯಾಲ ತಾನ ಕೇಳಸತೈತಿ."

ಅವನ ತಲೆ ನೀಟಾಗಿ ಬಾಚಿತ್ತು.
ಚಹಾದ ಹೊತ್ತಿಗೆ ಎಲ್ಲರೊಡನೆ ನಕ್ಕ.
ಜಾಣರೆಲ್ಲ ಒಂಟಿ, ಮುಂಗೋಪಿ, ಕೆದರಿದ ಕೂದಲು
ಎಂದು ನನಗೆ ಕಲಿಸಿದ್ದು ಯಾವ ಪುಸ್ತಕವೋ!
ಹದಿನೇಳನೆಯ ಮಗ್ಗದ ಹತ್ತಿರ ಮಾತ್ರ
ಮಾತು ನಿಲ್ಲಿಸಿದ.
ಆರು ವರ್ಷದ ಹಿಂದೆ ಅದರ ಸದ್ದನ್ನು ತಪ್ಪು ತಿಳಿದಿದ್ದನಂತೆ,
ಲಾಳಿ ಹಾರಿ ಒಬ್ಬ ಹುಡುಗನ ಹುಬ್ಬು ಸೀಳಿತ್ತಂತೆ.
ಹೇಳಿದವರು ಬೇರೆ.
ಅವನು ಬೋಲ್ಟನ್ನು ಹೆಬ್ಬೆರಳಿಂದ
ಎರಡು ಸಲ ಮುಟ್ಟಿದ, ಅಷ್ಟೆ.

ಆ ಎರಡು ಸಲಕ್ಕೆ ನನಗೆ ಹನ್ನೊಂದು ಹಾಳೆ ಬೇಕಾದವು.

ತ್ರಿವಿಕ್ರಮನ ಚಷ್ಮಾದೊಳಗೆ ಕಣ್ಣು ಬರೆದೆ.
ಪೊಲೀಸನಿಗೊಂದು ಒಳ್ಳೆಯ ತರ್ಕ ಕೊಟ್ಟೆ,
ತಪ್ಪಾದರೂ ನಾನೇ ನಂಬುವಂಥದು.
ಗುಟ್ಟನ್ನು ನಾಲ್ಕನೆಯ ಪುಟದಲ್ಲಿ ಬಯಲಿಗೇ ಇಟ್ಟೆ:
ಸಡಿಲಾದ ಒಂದು ಬೋಲ್ಟು,
ಪಕ್ಕದಲ್ಲಿ ಹೊಗೆಯಾಡುವ ಚಹಾದ ಲೋಟ,
ಕಣ್ಣು ಲೋಟಕ್ಕೆ ಹೋಗಲೆಂದು.

ತಬಸ್ಸುಮ್ ಇಪ್ಪತ್ತನೆಯ ಪುಟಕ್ಕೆ ನಿಂತಳು.
ಮುಂದೆ ಹೋಗದೆ ಹಿಂದಕ್ಕೆ ತಿರುವಿದಳು,
ಲಾಳಿ ಮರಳುವ ಹಾಗೆ, ಬಲಕ್ಕೆ, ಇನ್ನೂ ಬಲಕ್ಕೆ.
"ಅಯ್ಯ, ಇಲ್ಲೇ ಇತ್ತಲ್ಲ!"
ತ್ರಿವಿಕ್ರಮ ಬಾಯಿ ತೆರೆಯುವ ಮೊದಲೇ
ಅವಳಿಗೆ ಗೊತ್ತಾಗಿತ್ತು.

ಉಬ್ಬಿಹೋದೆ. ಎರಡು ಚಹಾ ಹೇಳಿದೆ.
ಚಹಾ ಬರುವುದರೊಳಗೆ ಅವಳು
ಮತ್ತೆ ನಾಲ್ಕನೆಯ ಪುಟದ ಮೇಲೆ ಬಾಗಿದ್ದಳು.
"ಆದರ ಅಕ್ಕಾ,
ಬೋಲ್ಟ್ ಸಡ್ಲಾದರ ಅರಬಿ ಮ್ಯಾಲ ಎಣ್ಣಿ ಬೀಳತೈತಿ.
ಕಲೆ ಎಲ್ಲೈತಿ?"

ಆ ಕಲೆ ಎಲ್ಲಿ ಬೀಳಬೇಕೆಂದು
ಇನ್ನೂ ಹುಡುಕುತ್ತಿದ್ದೇನೆ.
ಇದು ಎರಡನೆಯ ತಿಂಗಳು.